ಮಲೆನಾಡಿನ ಮಳೆಗೆಂದೇ ಚಾರಣದ ಸಾಮಗ್ರಿ ಮಾಡುವುದಾದರೆ ಎಲ್ಲಿಂದ ಆರಂಭಿಸಬೇಕು?

ಒದ್ದೆಚೀಲ (ಪ್ರಶ್ನೆ)

ಬೆಂಗಳೂರಿನಲ್ಲಿ ಕೆಲಸ ಮಾಡುವ ನಾವು ಮೂವರು ಗೆಳೆಯರು, ಪಶ್ಚಿಮ ಘಟ್ಟದ ಮಳೆಗಾಲಕ್ಕೆಂದೇ ಚಾರಣದ ಸಾಮಗ್ರಿಗಳನ್ನು ತಯಾರಿಸಿದರೆ ಹೇಗೆ ಎಂದು ಒಂದು ವರ್ಷದಿಂದ ಯೋಚಿಸುತ್ತಿದ್ದೇವೆ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಟೆಂಟು, ಜಾಕೆಟ್ಟುಗಳು ಬಹುಪಾಲು ಹಿಮಾಲಯಕ್ಕೋ ಯುರೋಪಿನ ಚಳಿಗೋ ಹೊಂದುವಂಥವು; ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದವುಗಳಲ್ಲ.

ಕಳೆದ ಜುಲೈಯಲ್ಲಿ ಸಕಲೇಶಪುರದ ಬಳಿಯ ಒಂದು ಕಾಫಿ ತೋಟದಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಎರಡು ರಾತ್ರಿ ಟೆಂಟು ಹಾಕಿದ್ದೆವು. ಅದರ ನೆಲದ ಬಟ್ಟೆ 2,000 ಮಿ.ಮೀ. ಜಲನಿರೋಧಕ ಎಂದು ಪಟ್ಟಿಯಲ್ಲಿ ಬರೆದಿತ್ತು. ಬೆಳಿಗ್ಗೆ ಮಂಡಿಯೂರಿ ಸ್ಲೀಪಿಂಗ್ ಬ್ಯಾಗು ಸುತ್ತುತ್ತಿದ್ದಾಗ ಎರಡೂ ಮಂಡಿಗಳ ಕೆಳಗೆ ಅಂಗೈಯಗಲ ನೀರು ಒಸರಿತು. ಮೇಲಿನಿಂದ ತೊಟ್ಟಿಕ್ಕುತ್ತಿದ್ದುದು ಮಳೆಯೋ ನಮ್ಮದೇ ಉಸಿರೋ ತಿಳಿಯಲಿಲ್ಲ. ದುಬಾರಿ ಬೆಲೆ ಕೊಟ್ಟು ತಂದ ‘ಉಸಿರಾಡುವ’ ಜಾಕೆಟ್ಟಿನೊಳಗೆ ಬೆವರಿನಿಂದಲೇ ತೊಯ್ದುಹೋದೆವು. ಉಂಬಳಗಳ ಲೆಕ್ಕವನ್ನಂತೂ ಇಡಲಿಲ್ಲ.

20,000 ಮಿ.ಮೀ. ತಡೆಯುವ ಪೊರೆಯಿರುವ ಜಾಕೆಟ್ಟು, ಎರಡು ಪದರದ ಟೆಂಟು, ಉಂಬಳ ಸಾಕ್ಸು — ಈ ಮೂರು ಸದ್ಯ ನಮ್ಮ ಪಟ್ಟಿಯಲ್ಲಿವೆ. ಬಂಡವಾಳ ಒಂದಕ್ಕೆ ಮಾತ್ರ ಸಾಲುವುದರಿಂದ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ನೂಲುಗಂಟು

ಜವಳಿ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಹಲವು ವರ್ಷ ದುಡಿದವನಾಗಿ ಮೊದಲು ನಿಮ್ಮ ಮಂಡಿಯ ಲೆಕ್ಕವನ್ನು ಹೇಳುತ್ತೇನೆ. 2,000 ಮಿ.ಮೀ. ಎಂದರೆ ಎರಡು ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಎಂದರ್ಥ. 60 ಕಿಲೋ ತೂಕದ ಮನುಷ್ಯ ಮಂಡಿಯೂರಿದಾಗ ಎರಡೂ ಮಂಡಿಗಳು ಸೇರಿ ಸುಮಾರು 100 ಚದರ ಸೆಂ.ಮೀ. ನೆಲವನ್ನು ಒತ್ತುತ್ತವೆ ಎಂದುಕೊಂಡರೆ, ಅಲ್ಲಿ ಬೀಳುವ ಒತ್ತಡ ಆರು ಮೀಟರ್ ನೀರಿನ ಕಂಬಕ್ಕೆ ಸಮ. ಕೆಳಗೆ ನೀರು ನಿಂತಿದ್ದರೆ ಅದು ಮೇಲೆ ಬರಲೇಬೇಕು. ನಿಮಗೆ ಟೆಂಟು ಮಾರಿದವರು ಸುಳ್ಳು ಹೇಳಿರಲಿಕ್ಕಿಲ್ಲ, ಆ ಅಂಕಿ ಸೂರಿಗೆ ಸಾಕು, ನೆಲಕ್ಕೆ ಸಾಲದು, ಅಷ್ಟೇ.

ಜಾಕೆಟ್ಟಿನ ವಿಷಯ ಇದಕ್ಕಿಂತ ಗಂಭೀರವಾದದ್ದು. ಉಸಿರಾಡುವ ಪೊರೆ ತಾನಾಗಿ ಏನನ್ನೂ ಹೊರಗೆ ದೂಡುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟರ ಬಲದ ಮೇಲೆ ಬೆವರು ಹೊರಬೀಳುತ್ತದೆ. ಬೆಚ್ಚಗಿನ ಮೈಯ ಬಳಿ ಆ ಒತ್ತಡ ಸುಮಾರು 5.3 ಕಿಲೋಪಾಸ್ಕಲ್ ಇರುತ್ತದೆ. ಹಿಮದ ಬೆಟ್ಟದಲ್ಲಿ, ಸೊನ್ನೆ ಡಿಗ್ರಿಯಲ್ಲಿ, ಹೊರಗಿನ ಗಾಳಿ ತೇವದಿಂದ ತುಂಬಿದ್ದರೂ ಅದು 0.6ನ್ನು ಮೀರುವುದಿಲ್ಲ. ಆದರೆ 22 ಡಿಗ್ರಿಯಲ್ಲಿ, ಮಂಜು ಕವಿದ ಶೋಲಾ ಕಾಡಿನಲ್ಲಿ, ಹೊರಗೇ 2.6 ಇರುತ್ತದೆ. ಹೀಗೆ ಪೊರೆಯನ್ನು ನಡೆಸುವ ಬಲ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಅದರ ಮೇಲೆ ಜಾಕೆಟ್ಟಿನ ಹೊರಮೈಯೂ ನೆಂದು ನೀರು ಹಿಡಿದರೆ ಉಳಿದ ಅರ್ಧವೂ ಹೆಚ್ಚುಕಡಿಮೆ ಹೋದಂತೆಯೇ. ಏರು ಹತ್ತುವವನು ಗಂಟೆಗೆ ಲೀಟರಿನ ಹತ್ತಿರ ಬೆವರು ಸುರಿಸಬಹುದು, ಅದನ್ನು ಈ ದಾರಿಯಲ್ಲಿ ಸಾಗಹಾಕುವುದು ಆಗದ ಮಾತು. ಆದ್ದರಿಂದ 20,000 ಮಿ.ಮೀ. ಪೊರೆಗೆ ಹಣ ಸುರಿಯುವುದಕ್ಕಿಂತ ಗಾಳಿಯಾಡಲು ಜಾಗ ಬಿಡುವ ಹೊದಿಕೆಯನ್ನು ಕುರಿತು ಯೋಚಿಸುವುದು ಲೇಸು. ಮರಗಳ ನಡುವಿನ ಅಗಲವಾದ ದಾರಿಯಲ್ಲಿ ಸಾಧಾರಣ ಕೊಡೆಯೇ ಎಲ್ಲ ಜಾಕೆಟ್ಟುಗಳನ್ನೂ ಸೋಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಹುಲ್ಲುಗಾವಲಿನ ಗುಡ್ಡದ ನೆತ್ತಿ ತಲುಪಿದ ಮೇಲೆ ಗಾಳಿಗೆ ಅದು ತಿರುವುಮುರುವಾಗುತ್ತದೆ ಎಂಬುದನ್ನೂ ಒಪ್ಪುತ್ತೇನೆ.

ಗದ್ದೆಯಂಚು

ಮೇಲಿನವರು ಕೊಟ್ಟ ಲೆಕ್ಕಕ್ಕೆ ಸರಿಹೊಂದುವ ವಸ್ತುವೊಂದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ, ಗಳುವಿಗೆ ಸಿಕ್ಕಿಸಿದಂತೆ, ಹೊಗೆ ಹಿಡಿದು ಕಪ್ಪಾಗಿ ಇಂದಿಗೂ ಇದೆ. ಅದು ಗೊರಬು. ಬಿದಿರಿನ ಸೀಳುಗಳ ಎರಡು ಬಲೆಗಳ ನಡುವೆ ಒಣ ಎಲೆಗಳನ್ನು ಒತ್ತಿ ಹೆಣೆದ ಇದು ನೆತ್ತಿಯಿಂದ ಸೊಂಟದ ಕೆಳಗಿನವರೆಗೆ ದೋಣಿಯನ್ನು ಬೋರಲು ಹಾಕಿದಂತೆ ಕೂರುತ್ತದೆ. ನನ್ನ ಅಜ್ಜಿ ಅದನ್ನು ಹೊತ್ತು ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಾಟಿ ಮಾಡುತ್ತಿದ್ದರು. ಎರಡೂ ಕೈಗಳು ಬಿಡುವಾಗಿರುತ್ತಿದ್ದವು, ಬೆನ್ನಿಗೂ ಗೊರಬಿಗೂ ನಡುವೆ ನಾಲ್ಕು ಬೆರಳು ಜಾಗ ಇರುತ್ತಿತ್ತು, ಬೆನ್ನು ಒಣಗಿಯೇ ಇರುತ್ತಿತ್ತು. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಗೊರಬು ಗಳುವನ್ನೇರಿತು. ಕೊಪ್ಪೆ ಅಗ್ಗ, ಹಗುರ. ಆದರೆ ಅದನ್ನು ಹೊದ್ದು ಅರ್ಧ ಗಂಟೆ ಕೆಲಸ ಮಾಡಿದವರಿಗೆ ಒಳಗಿನ ಸೆಕೆ ಎಂಥದ್ದೆಂದು ಗೊತ್ತು.

ಹಾಗೆಂದು ಗೊರಬನ್ನು ಹೊತ್ತು ಕುದುರೆಮುಖ ಹತ್ತಿ ಎಂದು ನಾನು ಹೇಳುತ್ತಿಲ್ಲ. ಅದರ ಆಕಾರ ಬಗ್ಗಿ ಕೆಲಸ ಮಾಡುವವರಿಗೆ ಹೇಳಿ ಮಾಡಿಸಿದ್ದು. ನೆಟ್ಟಗೆ ನಡೆದರೆ ಎದೆ ನೆನೆಯುತ್ತದೆ, ಗಾಳಿ ಬಂದರೆ ಹಾಯಿಯಂತೆ ಎಳೆಯುತ್ತದೆ, ಕಾಡುದಾರಿಯಲ್ಲಿ ಪ್ರತಿ ಕೊಂಬೆಗೂ ತಗುಲುತ್ತದೆ. ನೀವು ತೆಗೆದುಕೊಳ್ಳಬೇಕಾದದ್ದು ಆ ನಾಲ್ಕು ಬೆರಳಿನ ಜಾಗವನ್ನು. ಬೆನ್ನುಚೀಲಕ್ಕೆ ಹೇಗೂ ಒಂದು ಚೌಕಟ್ಟು ಇರುತ್ತದೆ. ಅದರ ಮೇಲ್ತುದಿಯಿಂದಲೇ ಬಾಗುವ ಎರಡು ಕಡ್ಡಿಗಳನ್ನು ತಲೆಯ ಮೇಲಕ್ಕೆ ಹಾಯಿಸಿ ಬಟ್ಟೆ ಬಿಗಿದರೆ ಚೀಲವೂ ಮನುಷ್ಯನೂ ಒಂದೇ ಸೂರಿನಡಿ ಬರುತ್ತಾರೆ.

ಉಂಬಳಗಳ ವಿಷಯದಲ್ಲಿ ಒಂದು ಮಾತು. ಅದು ಬಾಯಿಯ ತುದಿಯನ್ನು ದಾರದೆಳೆಯಷ್ಟು ಸಣ್ಣಗೆ ಮಾಡಿಕೊಂಡು ಹೆಣಿಗೆಯ ಸಾಕ್ಸಿನ ಕುಣಿಕೆಗಳೊಳಗೆ ತೂರುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಾದರೆ ಸೋಲುತ್ತದೆ. ಹೊಗೆಸೊಪ್ಪು, ಸುಣ್ಣ ಬೆರೆಸಿದ ಎಣ್ಣೆಯನ್ನು ನಮ್ಮವರು ಕಾಲಿಗೆ ಹಚ್ಚುವುದುಂಟು, ಆದರೆ ಎರಡು ಹಳ್ಳ ದಾಟಿದರೆ ಅದು ತೊಳೆದುಹೋಗುತ್ತದೆ. ಮಂಡಿಯವರೆಗಿನ ಕಾಲುಚೀಲಕ್ಕೆ ತಿಳಿ ಬಣ್ಣ ಕೊಡಿ, ಹತ್ತುತ್ತಿರುವ ಉಂಬಳ ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಮುಗಿದಂತೆ. ದಪ್ಪ ಹತ್ತಿಯನ್ನು ಮಾತ್ರ ಬಳಸಬೇಡಿ, ನೀರು ಕುಡಿದು ಕಾಲಿಗೆ ಕಟ್ಟಿದ ಕಲ್ಲಿನಂತಾಗುತ್ತದೆ.

ಎರಡನೇ ಹೊಲಿಗೆ

ನಾನು ರೇನ್‌ಕೋಟು, ಬ್ಯಾಗುಗಳನ್ನು ಹೊಲಿಯುವವನು. ಬಟ್ಟೆಯ ಅಂಕಿಗಳನ್ನು ನೀವೆಲ್ಲ ಚರ್ಚಿಸುತ್ತಿದ್ದೀರಿ, ನನ್ನ ಬಳಿ ರಿಪೇರಿಗೆ ಬರುವ ಸಾಮಗ್ರಿಗಳಲ್ಲಿ ಬಟ್ಟೆಯೇ ಹರಿದು ಬಂದದ್ದು ಅಪರೂಪ. ನೀರು ಬರುವುದು ಸೂಜಿಯ ತೂತಿನಿಂದ. ಎರಡೂ ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹಾಕುವ ಹೊಲಿಗೆಯನ್ನೇ, ಅಂದರೆ ಜೀನ್ಸ್ ಪ್ಯಾಂಟಿನ ಕಾಲಿನುದ್ದಕ್ಕೂ ಕಾಣುವಂಥದ್ದನ್ನೇ, ಬಳಸಿ. ಹೊಲಿಗೆಗಳು ನೆತ್ತಿ, ಹೆಗಲುಗಳ ಮೇಲೆ ಬಾರದಂತೆ ಕತ್ತರಿಸಿ.

ಬಟ್ಟೆಯನ್ನು ಆರಿಸುವಾಗ ಲೇಪ ಯಾವುದೆಂದು ಕೇಳಿ. ಪಾಲಿಯುರಿಥೇನ್ ಲೇಪದ ಬಟ್ಟೆಯನ್ನು ತೇವವಿರುವಾಗಲೇ ಮಡಚಿ ಅಟ್ಟದಲ್ಲಿಟ್ಟರೆ ಕೆಲವು ಮಳೆಗಾಲಗಳಲ್ಲಿ ಅದು ಅಂಟಂಟಾಗಿ, ವಾಸನೆ ಹಿಡಿದು, ಪದರ ಪದರವಾಗಿ ಏಳುತ್ತದೆ. ವಾರಗಟ್ಟಲೆ ಬಿಸಿಲೇ ಕಾಣದ ಮಲೆನಾಡಿನಲ್ಲಿ ಒಣಗಿಸಿ ಎತ್ತಿಡಿ ಎಂದು ಬುದ್ಧಿ ಹೇಳುವುದು ಸುಲಭ, ಬಚ್ಚಲ ಒಲೆಯ ಮೇಲೆ ಟೆಂಟನ್ನು ಹರಡಲು ಆಗುವುದಿಲ್ಲವಲ್ಲ! ಸಿಲಿಕೋನ್ ಲೇಪ ಹಾಗೆ ಕೆಡುವುದಿಲ್ಲ, ಆದರೆ ಹೊಲಿಗೆಯ ತೂತುಗಳನ್ನು ಮುಚ್ಚಲು ಅಂಟಿಸುವ ಟೇಪು ಅದರ ಮೇಲೆ ಕೂರುವುದಿಲ್ಲ. ಪ್ರತಿ ಹೊಲಿಗೆಗೂ ಸಿಲಿಕೋನ್ ಅಂಟನ್ನು ಕೈಯಿಂದಲೇ ಹಚ್ಚಬೇಕಾಗುತ್ತದೆ, ಆ ಕೂಲಿಯನ್ನು ಬೆಲೆಯಲ್ಲಿ ಸೇರಿಸಿಕೊಳ್ಳಿ. ನೈಲಾನಿಗಿಂತ ಪಾಲಿಯೆಸ್ಟರ್ ಮೇಲು, ಏಕೆಂದರೆ ನೈಲಾನು ನೀರು ಹೀರಿ ಸಡಿಲವಾಗುತ್ತದೆ, ಸಂಜೆ ಬಿಗಿದು ಕಟ್ಟಿದ ಸೂರು ನಡುರಾತ್ರಿ ಜೋತು ಮುಖಕ್ಕೆ ತಾಗುತ್ತದೆ.

ಒದ್ದೆಚೀಲ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕುಳಿತು ಚರ್ಚಿಸಿ ಜಾಕೆಟ್ಟನ್ನು ಪಟ್ಟಿಯಿಂದ ತೆಗೆದಿದ್ದೇವೆ. ಟೆಂಟನ್ನು ಸದ್ಯಕ್ಕೆ ಮುಂದೂಡಿದ್ದೇವೆ. ಅನುಮತಿಯಿಲ್ಲದೆ ಕಾಡಿನಲ್ಲಿ ತಂಗುವಂತಿಲ್ಲದ ಕಾರಣ ಹೆಚ್ಚಿನವರು ಮಳೆಗಾಲದಲ್ಲಿ ಹೋಮ್‌ಸ್ಟೇಗಳಿಗೇ ಮರಳುತ್ತಾರೆ, ಆದರೆ ಹಗಲು ನೆನೆಯುವುದು ಯಾರಿಗೂ ತಪ್ಪಿದ್ದಲ್ಲ. ಆದ್ದರಿಂದ ಬೆನ್ನುಚೀಲದ ಚೌಕಟ್ಟಿಗೆ ಕೂರುವ ಹೊದಿಕೆಯನ್ನೇ ಮೊದಲು ಮಾಡುತ್ತೇವೆ. ಹಳೆಯ ಕೊಡೆಯ ಕಡ್ಡಿಗಳನ್ನೂ ಪಾಲಿಯೆಸ್ಟರ್ ಬಟ್ಟೆಯನ್ನೂ ಬಳಸಿ ಒಂದು ಮಾದರಿಯನ್ನು ಕಟ್ಟಿ, ಬಚ್ಚಲಿನ ಷವರ್ ಕೆಳಗೆ ನಿಂತು ನೋಡಿದೆವು. ಬೆನ್ನು ಒಣಗಿತ್ತು, ಆದರೆ ಮುಂದಿನ ಅಂಚಿನಿಂದ ಇಳಿದ ನೀರೆಲ್ಲ ನೇರವಾಗಿ ಶೂಗಳೊಳಗೆ ಸುರಿಯಿತು.

ಗದ್ದೆಯಂಚು ಅವರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಗೊರಬಿನ ಉದ್ದ, ನಡುವಿನ ಅಗಲ ಮತ್ತು ಅಂಚು ಎಷ್ಟು ಬಾಗಿದೆ ಎಂಬುದನ್ನು ಅಳೆದು ತಿಳಿಸುವಿರಾ? ನೀರು ಕಾಲಿನ ಮೇಲೆ ಬೀಳದಂತೆ ಅದರ ಕೆಳ ಅಂಚನ್ನು ಹೇಗೆ ಮುಗಿಸಿದ್ದಾರೆ ಎಂಬುದೇ ನಮಗೀಗ ಮುಖ್ಯವಾಗಿ ಬೇಕಾಗಿದೆ.

ಗದ್ದೆಯಂಚು

ಭಾನುವಾರ ಊರಿಗೆ ಹೋಗುತ್ತೇನೆ, ಇಳಿಸಿ ಅಳೆದು ಬರೆಯುತ್ತೇನೆ. ಆದರೆ ನಾಟಿ ಮಾಡುವವರ ಕಾಲು ಹೇಗೂ ಕೆಸರುನೀರಿನಲ್ಲೇ ಇರುತ್ತದೆ. ಅಂಚಿನ ನೀರು ಎಲ್ಲಿ ಬಿದ್ದರೂ ಅವರಿಗೆ ಬಾಧಕವಿರಲಿಲ್ಲ. ಆ ಅಂಚನ್ನು ನೀವೇ ಹೊಸದಾಗಿ ಯೋಚಿಸಬೇಕಾಗಬಹುದು.