ಇಬ್ಬರ ತಂಡವಾಗಿ ಎರಡು ದಿನದ ಮೌಂಟನ್ ಬೈಕ್ ಚೆಕ್‌ಪಾಯಿಂಟ್ ರೇಸ್: ಅನುಭವ ಇರುವವರು ದಯವಿಟ್ಟು ಹೇಳಿ

ಪ್ರಶ್ನೆ, ಲೀಡ್ಸ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಭಾವ (ಅಕ್ಕನ ಗಂಡ) ಅಕ್ಟೋಬರ್ ಕೊನೆಯ ಶನಿವಾರ, ಭಾನುವಾರ ಉತ್ತರ ಇಂಗ್ಲೆಂಡಿನ ಬೆಟ್ಟಗಳಲ್ಲಿ ನಡೆಯುವ ಒಂದು ರೇಸ್‌ಗೆ ಹೆಸರು ಕೊಟ್ಟಿದ್ದೇವೆ. ಇಬ್ಬರ ತಂಡ. ಮ್ಯಾಪ್ ಮೇಲೆ ಹತ್ತಾರು ಚೆಕ್‌ಪಾಯಿಂಟ್ ಇರುತ್ತವೆ, ಒಂದೊಂದಕ್ಕೆ ಒಂದೊಂದು ಅಂಕ. ಯಾವುದಕ್ಕೆ ಹೋಗಬೇಕು, ಯಾವ ದಾರಿ ಹಿಡಿಯಬೇಕು ಅನ್ನುವುದು ನಮಗೇ ಬಿಟ್ಟದ್ದು. ಮೊದಲ ದಿನ 7 ಗಂಟೆ, ಎರಡನೇ ದಿನ 5 ಗಂಟೆ. ತಡವಾದರೆ ಅಂಕ ಕಳೆಯುತ್ತಾರೆ. ರಾತ್ರಿ ಕ್ಯಾಂಪ್. ಟೆಂಟು, ಸ್ಲೀಪಿಂಗ್ ಬ್ಯಾಗು, ಸ್ಟೌ, ಊಟ ಎಲ್ಲವನ್ನೂ ನಾವೇ ಹೊರಬೇಕು.

ಭಾವ ಏರಿನಲ್ಲಿ ನನಗಿಂತ ತುಂಬಾ ಜೋರು. ಮ್ಯಾಪ್ ಓದುವುದು ನನಗೆ ಚೆನ್ನಾಗಿ ಬರುತ್ತದೆ, ಅವರಿಗೆ ಅಷ್ಟಾಗಿ ಬರುವುದಿಲ್ಲ. ಅವರು ನನಗಿಂತ ದೊಡ್ಡವರು, ಯಾವತ್ತೂ ಎದುರು ಮಾತಾಡಿದವಳಲ್ಲ. ಇಬ್ಬರೂ ಹೇಗೆ ಹೊಂದಿಕೊಂಡು ಓಡಿಸಬೇಕು? ಏನು ಒಯ್ಯಬೇಕು? ಎಷ್ಟು ದೂರಕ್ಕೆ ಆಸೆಪಡಬಹುದು?

ಶೆಫೀಲ್ಡ್‌ನಿಂದ

ಮೊದಲು ಭಾವನ ವಿಷಯ ಹೇಳುತ್ತೇನೆ. ಇಂಥ ರೇಸ್‌ನಲ್ಲಿ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿರುತ್ತದೆ. ನಾನು ಮತ್ತು ನನ್ನ ಹೆಂಡತಿ ಪೀಕ್ ಡಿಸ್ಟ್ರಿಕ್ಟ್, ಯಾರ್ಕ್‌ಶೈರ್ ಡೇಲ್ಸ್ ಬೆಟ್ಟಗಳ ಕಡೆ ಹಲವು ವರ್ಷಗಳಿಂದ ಹೀಗೆ ಜೋಡಿಯಾಗಿ ಓಡಿಸುತ್ತಿದ್ದೇವೆ. ನೋಡಿದ್ದನ್ನು ಹೇಳುತ್ತೇನೆ.

ಜೋರಾಗಿ ಹತ್ತುವವರು ಮೇಲೆ ಹೋಗಿ ನಿಂತು ಕಾಯುತ್ತಾರೆ. ನಿಂತಷ್ಟು ಹೊತ್ತು ಅವರಿಗೆ ವಿಶ್ರಾಂತಿ, ಆದರೆ ಗಾಳಿಗೆ ಮೈ ತಣ್ಣಗಾಗುತ್ತದೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟುತ್ತಾರೆ. ಚಳಿಯಾದವರು ತಕ್ಷಣ ಹೊರಡುತ್ತಾರೆ. ಅಂದರೆ ಸುಸ್ತಾದವರಿಗೆ ವಿಶ್ರಾಂತಿಯೇ ಇಲ್ಲ, ಸುಸ್ತಾಗದವರಿಗೆ ಬೇಕಾದಷ್ಟು. ಮೂರು ಏರು ಹೀಗೆ ಕಳೆದರೆ ಸಾಕು, ಮಧ್ಯಾಹ್ನದ ಮೇಲೆ ಒಬ್ಬರ ಕಾಲು ಖಾಲಿ. ಚೆಕ್‌ಪಾಯಿಂಟ್‌ನಲ್ಲಿ ಇಬ್ಬರೂ ಇರಬೇಕು ಅನ್ನುವ ನಿಯಮ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಆದ್ದರಿಂದ ಮುಂದೆ ಓಡಿ ಗಳಿಸಿದ್ದೂ ಏನಿಲ್ಲ.

ಇದಕ್ಕೆ ಎರಡು ಪರಿಹಾರ. ಒಂದು, ಏರಿನಲ್ಲಿ ನೀವು ಮುಂದೆ, ಭಾವ ಹಿಂದೆ. ನಿಮ್ಮ ವೇಗವೇ ತಂಡದ ವೇಗ. ಎರಡು, ತೂಕ ಅವರ ಕಡೆ ಹೋಗಲಿ. ಟೆಂಟು, ಸ್ಟೌ, ಗ್ಯಾಸು, ಇಬ್ಬರ ಊಟ, ರಿಪೇರಿ ಸಾಮಾನು ಎಲ್ಲ ಅವರ ಬೆನ್ನಿಗೆ. ನಿಮ್ಮ ಹತ್ತಿರ ನಿಮ್ಮ ಬಟ್ಟೆ, ಸ್ಲೀಪಿಂಗ್ ಬ್ಯಾಗು, ಮ್ಯಾಪು. ತೂಕ ಸಮ ಭಾಗ ಮಾಡಿಕೊಳ್ಳುವುದು ನ್ಯಾಯ ಅಂತ ಕಾಣಬಹುದು. ಅದರಿಂದ ತಂಡ ನಿಧಾನವಾಗುತ್ತದೆ ಅಷ್ಟೇ. ಜೋರಾಗಿರುವವರಿಗೆ ಇನ್ನೂ ಶಕ್ತಿ ಉಳಿದರೆ ಗೇಟಿನ ಕೆಲಸ ಕೊಡಿ. ಡೇಲ್ಸ್‌ನಲ್ಲಿ ಹೊಲಕ್ಕೊಂದು ಗೇಟು. ಅವರು ಮುಂದೆ ಹೋಗಿ ತೆಗೆದು ಹಿಡಿಯಲಿ, ನೀವು ಇಳಿಯದೆ ದಾಟಿ, ಅವರು ಹಾಕಿಕೊಂಡು ಬಂದು ಸೇರಲಿ. ದಿನಪೂರ್ತಿ ಲೆಕ್ಕ ಹಾಕಿದರೆ ಇದರಲ್ಲೇ ಒಂದು ಚೆಕ್‌ಪಾಯಿಂಟ್‌ನಷ್ಟು ಸಮಯ ಉಳಿಯುತ್ತದೆ.

ಇನ್ನು ದಾರಿ ಹಾಕುವುದು. ಮ್ಯಾಪ್ ಕೈಗೆ ಬಂದ ಕೂಡಲೇ ಹೊರಡಬೇಡಿ. ಬೇರೆ ತಂಡಗಳು ಓಡುತ್ತಿರುತ್ತವೆ, ಓಡಲಿ. ಕಾಲು ಗಂಟೆ ಕೂತು ನೋಡಿ. 1:50,000 ಮ್ಯಾಪ್‌ನಲ್ಲಿ 2 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. ಒಂದು ದಾರಕ್ಕೆ ಪ್ರತಿ 10 ಸೆಂಟಿಮೀಟರಿಗೆ ಗಂಟು ಹಾಕಿ ಇಟ್ಟುಕೊಳ್ಳಿ, ಗಂಟಿಗೆ 5 ಕಿಲೋಮೀಟರ್. ದಾರಿಯ ಮೇಲೆ ದಾರವನ್ನು ತಿರುವು ತಿರುವಿಗೂ ಕೂರಿಸಿ ಅಳೆಯಿರಿ. ಅದರಲ್ಲಿ ಎತ್ತರ ತೋರಿಸುವ ಗೆರೆಗಳು (ಕಾಂಟೂರ್) 10 ಮೀಟರಿಗೊಂದು. ಎಷ್ಟು ಗೆರೆ ದಾಟುತ್ತೀರಿ ಅಂತ ಎಣಿಸಿ. ಆದರೆ ಮ್ಯಾಪಿನ ಸ್ಕೇಲ್ ಮೊದಲು ನೋಡಿ, ಕೆಲವರು ಹಾರ್ವಿ ಕಂಪನಿಯ 1:40,000ದ ಮ್ಯಾಪ್ ಕೊಡುತ್ತಾರೆ, ಅದರಲ್ಲಿ ಗೆರೆ 15 ಮೀಟರಿಗೊಂದು.

ವೇಗದ ಬಗ್ಗೆ ಕೇಳಿದ್ದೀರಿ. ಚೀಲ ಹೊತ್ತು, ಒದ್ದೆ ಹುಲ್ಲು, ಪೀಟ್ (ಕೊಳೆತ ಸಸ್ಯದ ಕಪ್ಪು ಮಣ್ಣು) ಕೆಸರಿನಲ್ಲಿ ಓಡಿಸುವಾಗ ಗಂಟೆಗೆ 8 ಕಿಲೋಮೀಟರ್ ಅಂತ ಲೆಕ್ಕ ಇಡಿ. ಟಾರು ರಸ್ತೆ ಸಿಕ್ಕರೆ 15. ಇದು ನಮ್ಮ ಲೆಕ್ಕ, ನಿಮ್ಮದು ಬೇರೆ ಇರಬಹುದು. ಮ್ಯಾಸ್ಟೈಲ್ಸ್ ಲೇನ್ ನಿಮಗೆ ದೂರವಲ್ಲ. ಮ್ಯಾಲಮ್ ಕಡೆಯಿಂದ ಕಿಲ್ನ್ಸಿಗೆ ಹೋಗುವ ಹಳೇ ದಾರಿ ಅದು. ರೇಸ್‌ಗೆ ಒಯ್ಯುವ ಅಷ್ಟೂ ತೂಕ ಹೊತ್ತುಕೊಂಡು ಅಲ್ಲಿ ಒಮ್ಮೆ ಓಡಿಸಿ, ನಿಮ್ಮ ನಿಜವಾದ ವೇಗ ಗೊತ್ತಾಗುತ್ತದೆ.

ಮತ್ತೊಂದು ಮುಖ್ಯ ವಿಷಯ. ಕೊನೆಯ ಒಂದೂವರೆ ಗಂಟೆಯ ದಾರಿಯನ್ನು ಕ್ಯಾಂಪಿನ ಸುತ್ತಲೇ ಹಾಕಿಕೊಳ್ಳಿ. ಅಲ್ಲಿ ಎರಡು ಮೂರು ಚೆಕ್‌ಪಾಯಿಂಟ್ ಹತ್ತಿರ ಹತ್ತಿರ ಇರಲಿ. ಸಮಯ ಉಳಿದರೆ ಹೋಗಿ, ಇಲ್ಲದಿದ್ದರೆ ಬಿಟ್ಟು ನೇರ ಕ್ಯಾಂಪಿಗೆ ಬನ್ನಿ. ಜಾಸ್ತಿ ಅಂಕ ಇದೆ ಅಂತ ಮಧ್ಯಾಹ್ನ ದೂರದ ಕಣಿವೆಗೆ ಇಳಿದ ತಂಡಗಳಿಗೆ ಈ ಆಯ್ಕೆ ಇರುವುದಿಲ್ಲ. ಅವರು ಬಂದ ಬೆಟ್ಟವನ್ನೇ ಮತ್ತೆ ಹತ್ತಬೇಕು.

ಊಟಕ್ಕೆ ಗೊಜ್ಜವಲಕ್ಕಿ ಪುಡಿ ಮಾಡಿಕೊಂಡು ಹೋಗಿ. ಅವಲಕ್ಕಿ ತರಿತರಿ ಪುಡಿ, ಹುಣಸೆ ಪುಡಿ, ಬೆಲ್ಲದ ಪುಡಿ, ಸಾರಿನ ಪುಡಿ, ಉಪ್ಪು, ಮೇಲೆ ಕಡ್ಲೆಬೀಜದ ಒಗ್ಗರಣೆ. ಕ್ಯಾಂಪಿನಲ್ಲಿ ಬಿಸಿನೀರು ಹಾಕಿ ಮುಚ್ಚಿಟ್ಟರೆ ಆಯಿತು. ಬೇಯಿಸುವುದು ಏನೂ ಇಲ್ಲ, ಗ್ಯಾಸ್ ಉಳಿಯುತ್ತದೆ. ಅಂಗಡಿಯ ಒಣ ಊಟಕ್ಕಿಂತ ನಮಗೆ ಇದೇ ಚೆನ್ನಾಗಿ ಸೇರುತ್ತದೆ. ಸೈಕಲ್ ಮೇಲೆ ತಿನ್ನಲು ಖರ್ಜೂರ, ಕಡ್ಲೆಮಿಠಾಯಿ. ಮಿಠಾಯಿಯನ್ನು ಮನೆಯಲ್ಲೇ ಚಿಕ್ಕ ಚೂರು ಮಾಡಿ ಒಯ್ಯಿರಿ, ಚಳಿಗೆ ಅದು ಹಲ್ಲಿಗೆ ಬಗ್ಗುವುದಿಲ್ಲ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಅರ್ಧ ಗಂಟೆಗೊಮ್ಮೆ ಒಬ್ಬರಿಗೊಬ್ಬರು ನೆನಪಿಸಿ. ಜೊತೆಯವರ ಮಾತು ಕಡಿಮೆಯಾಯಿತು ಅಂದರೆ ಏನಾಯಿತು ಅಂತ ಕೇಳಬೇಡಿ, ಮೊದಲು ತಿನ್ನಲು ಕೊಡಿ.

ಮೆಲ್ಬರ್ನ್‌ನಿಂದ

ತಡವಾದರೆ ಕಳೆಯುವ ಅಂಕದ ಬಗ್ಗೆ ಒಂದು ಮಾತು. ಇಲ್ಲಿ ರೋಗೇನಿಂಗ್ ಅಂತ ಇದೆ, ಹೀಗೆಯೇ ಮ್ಯಾಪ್ ಹಿಡಿದು ಚೆಕ್‌ಪಾಯಿಂಟ್ ಹುಡುಕಿ ಅಂಕ ಗಳಿಸುವುದು, 1976ರಲ್ಲಿ ಆಸ್ಟ್ರೇಲಿಯಾದಲ್ಲೇ ಶುರುವಾದ ಆಟ. ಮೂಲದಲ್ಲಿ ನಡೆದುಕೊಂಡು ಹೋಗುವುದು, ಸೈಕಲ್ ಮೇಲೂ ಮಾಡುತ್ತಾರೆ. ಅದರ ನಿಯಮದಲ್ಲಿ ತಡವಾದ ಪ್ರತಿ ನಿಮಿಷಕ್ಕೆ 10 ಅಂಕ ಹೋಗುತ್ತದೆ. 30 ನಿಮಿಷ ದಾಟಿದರೆ ಇಡೀ ಅಂಕವೇ ಸೊನ್ನೆ. 50 ಅಂಕದ ಚೆಕ್‌ಪಾಯಿಂಟ್‌ಗೆ ಹೋಗಿ ಆರು ನಿಮಿಷ ತಡವಾಗಿ ಬಂದರೆ 60 ಅಂಕ ಹೋಗಿ ಒಟ್ಟಾರೆ 10 ಅಂಕ ನಷ್ಟ. ನಿಮ್ಮ ರೇಸ್‌ನ ಲೆಕ್ಕ ಬೇರೆ ಇರಬಹುದು. ಅದನ್ನು ಓದಿ, ಮ್ಯಾಪಿನ ಮೂಲೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಸುಸ್ತಾದಾಗ ತಲೆಯಲ್ಲಿ ಈ ಲೆಕ್ಕ ಓಡುವುದಿಲ್ಲ.

ಜೊತೆಯಲ್ಲಿರುವ ಬಗ್ಗೆ ರೋಗೇನಿಂಗ್ ನಿಯಮ ನನಗೆ ತುಂಬಾ ಇಷ್ಟ. ಯಾವ ಸಾಧನವೂ ಇಲ್ಲದೆ ಬರೀ ದನಿ ಮುಟ್ಟುವಷ್ಟು ದೂರದೊಳಗೆ ತಂಡದವರೆಲ್ಲ ಇರಬೇಕು. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್ ಕೂಡ ಇಬ್ಬರ ತಂಡದ ರೇಸ್, 2004ರಿಂದ ನಡೆಯುತ್ತಿದೆ, ಎಂಟು ದಿನ. ಅಲ್ಲಿ ಇಬ್ಬರ ನಡುವೆ 2 ನಿಮಿಷಕ್ಕಿಂತ ಜಾಸ್ತಿ ಅಂತರ ಇರಬಾರದು. ದಾರಿ ಹುಡುಕುವ ಕೆಲಸವೇ ಇಲ್ಲದ ರೇಸ್‌ನಲ್ಲೂ ಇಷ್ಟು ಕಟ್ಟುನಿಟ್ಟು. ಭಾವನಿಗೆ ಇದನ್ನು ಓದಿ ಹೇಳಿ.

ಎಡಿನ್‌ಬರೊದಿಂದ

ಶೆಫೀಲ್ಡ್‌ನವರು ಹೇಳಿದ್ದರಲ್ಲಿ ಒಂದು ಮಾತು ನಾನು ಒಪ್ಪುವುದಿಲ್ಲ. ಮ್ಯಾಪ್ ಒಬ್ಬರ ಹತ್ತಿರ ಮಾತ್ರ ಇರಬಾರದು. ಇಬ್ಬರ ಹ್ಯಾಂಡಲ್ ಮೇಲೂ ಮ್ಯಾಪ್ ಬೋರ್ಡ್ (ಮ್ಯಾಪ್ ಇಡುವ ಹಲಗೆ) ಇರಲಿ. ನಿರ್ಧಾರ ನಿಮ್ಮದೇ ಆಗಲಿ, ಆದರೆ ಈಗ ಎಲ್ಲಿದ್ದೇವೆ ಅನ್ನುವುದು ಭಾವನಿಗೂ ಗೊತ್ತಿರಬೇಕು. ಮಂಜು ಕವಿದಾಗ "ಎಡಕ್ಕೆ ಗೋಡೆ ಬರಬೇಕಿತ್ತಲ್ವಾ, ಬರಲಿಲ್ಲವಲ್ಲ" ಅಂತ ಹೇಳುವ ಎರಡನೇ ಜೋಡಿ ಕಣ್ಣು ಬೇಕು. ಫೋನು, ಜಿಪಿಎಸ್ ನೋಡಿ ದಾರಿ ಹುಡುಕುವುದು ಇಂಥ ಹಲವು ರೇಸ್‌ಗಳಲ್ಲಿ ನಿಷಿದ್ಧ.

ಇಂಗ್ಲೆಂಡಿನಲ್ಲಿ ಎಲ್ಲ ದಾರಿಯಲ್ಲೂ ಸೈಕಲ್ ಬಿಡುವಂತಿಲ್ಲ. ಬ್ರಿಡಲ್‌ವೇ (ಕುದುರೆ, ಸೈಕಲ್‌ಗೂ ಬಿಡುವ ದಾರಿ) ಮೇಲೆ ಹೋಗಬಹುದು, ಫುಟ್‌ಪಾತ್ (ಬರೀ ನಡೆಯುವವರ ಕಾಲುದಾರಿ) ಮೇಲೆ ಇಲ್ಲ. 1:50,000 ಮ್ಯಾಪ್‌ನಲ್ಲಿ ಬ್ರಿಡಲ್‌ವೇ ಉದ್ದ ಗೀಟು, ಫುಟ್‌ಪಾತ್ ಗಿಡ್ಡ ಗೀಟು, ಎರಡೂ ಒಂದೇ ಬಣ್ಣ. ಮಳೆಯಲ್ಲಿ ಕಣ್ಣು ಕಿರಿದು ಮಾಡಿ ನೋಡುವಾಗ ತಪ್ಪಾಗುತ್ತದೆ. ಬೆಳಿಗ್ಗೆಯೇ ಹೈಲೈಟರ್‌ನಲ್ಲಿ ಬ್ರಿಡಲ್‌ವೇಗಳಿಗೆ ಬಣ್ಣ ಹಚ್ಚಿಬಿಡಿ. ನಮ್ಮ ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಬಂದ ಮೇಲೆ ಜವಾಬ್ದಾರಿಯಿಂದ ಹೆಚ್ಚಿನ ಕಡೆ ಸೈಕಲ್ ಓಡಿಸಬಹುದು. ಆ ಅಭ್ಯಾಸದಲ್ಲಿ ಇಂಗ್ಲೆಂಡಿಗೆ ಬಂದವರಿಗೇ ಇದು ಕಷ್ಟವಾಗುತ್ತದೆ.

ಗ್ಯಾಸ್ ಡಬ್ಬಿ ಕೊಳ್ಳುವಾಗ ಪ್ರೊಪೇನ್ ಬೆರೆತದ್ದು ತಗೊಳ್ಳಿ. ಬರೀ ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದೇ ನಿಲ್ಲುತ್ತದೆ. ಬೆಳಗಿನ ಟೀಗೆ ತೊಂದರೆ.

ಬೆಂಗಳೂರಿನಿಂದ

ನಾನು ತಮ್ಮನ ಜೊತೆ ಹಿಮಾಚಲದಲ್ಲಿ ಇಬ್ಬರ ತಂಡವಾಗಿ ಓಡಿಸಿದ್ದೇನೆ. ಅಭ್ಯಾಸ ಎಲ್ಲ ಇಲ್ಲಿಯೇ, ತುರಹಳ್ಳಿ, ಆವತಿ, ನಂದಿ ಬೆಟ್ಟದ ರಸ್ತೆ. ಜಲೋರಿ ಪಾಸ್ ಏರಿನಲ್ಲಿ ತಮ್ಮ ಮುಂದೆ ಹೋಗುತ್ತಿದ್ದ. ನಾನು ಅಣ್ಣ, ಹಾಗಾಗಿ "ನಿಧಾನ ಹೋಗೋ" ಅಂತ ಸಲೀಸಾಗಿ ಹೇಳಿದೆ. ನಿಮ್ಮದು ಉಲ್ಟಾ. ದೊಡ್ಡವರಿಗೆ ಹೇಳಬೇಕು. ಇದು ನಿಜಕ್ಕೂ ಕಷ್ಟ, ಯಾರೂ ಇದನ್ನು ಹಗುರವಾಗಿ ತಗೋಬೇಡಿ. ಬೆಟ್ಟದ ಮೇಲೆ ಬಾಯಿ ಬರುವುದಿಲ್ಲ ಅಂತ ಸುಮ್ನೆ ತುಳಿಯುತ್ತಾ ಹೋದರೆ ಸುಸ್ತಾಗಿ ಬೀಳುವವರು ನೀವೇ.

ಹಾಗಾಗಿ ಮನೆಯಲ್ಲೇ, ಅಕ್ಕನೂ ಕೂತಿರುವಾಗ, ಕೆಲಸ ಹಂಚಿಕೊಳ್ಳಿ. "ಭಾವ, ಮ್ಯಾಪ್ ಮತ್ತು ಗಡಿಯಾರ ನನ್ನದು. ಸೈಕಲ್ ರಿಪೇರಿ, ಟೆಂಟು, ಸ್ಟೌ ನಿಮ್ಮದು. ವಾಪಸ್ ಹೊರಡೋಣ ಅಂತ ನಾನು ಅಂದರೆ ಹೊರಡಬೇಕು" ಅಂತ ಹೇಳಿಬಿಡಿ. ಆಮೇಲೆ ಬೆಟ್ಟದ ಮೇಲೆ ನೀವು ಹೇಳುವುದು ಎದುರು ಮಾತಲ್ಲ, ಒಪ್ಪಿಕೊಂಡ ಕೆಲಸ. ಚರ್ಚೆ ಏನಿದ್ದರೂ ಚೆಕ್‌ಪಾಯಿಂಟ್‌ನಲ್ಲಿ ನಿಂತಾಗ ಮಾತ್ರ. ತುಳಿಯುವಾಗ ವಾದ ಬೇಡ.

ರಿಪೇರಿ ಸಾಮಾನು: ಇಬ್ಬರ ಸೈಕಲ್‌ಗೂ ಬೇರೆ ಬೇರೆ ಗೇರ್ ಹ್ಯಾಂಗರ್ (ಹಿಂದಿನ ಗೇರ್ ಅನ್ನು ಫ್ರೇಮಿಗೆ ಹಿಡಿಸುವ ಚಿಕ್ಕ ತುಂಡು) ಬೇಕು, ಒಂದರದ್ದು ಇನ್ನೊಂದಕ್ಕೆ ಕೂರುವುದು ಅಪರೂಪ. ಚೈನ್ ಲಿಂಕು ಎಷ್ಟು ಸ್ಪೀಡಿನದು, ಅಂದರೆ ಹಿಂದೆ ಎಷ್ಟು ಗೇರ್ ಇರುವ ಸೈಕಲ್‌ಗೆ ಆಗುವಂಥದು, ಅಂತ ನೋಡಿ. ಟ್ಯೂಬ್‌ಲೆಸ್ ಇದ್ದರೂ ಟ್ಯೂಬ್ ಒಯ್ಯಿರಿ. ಇಬ್ಬರ ಚಕ್ರವೂ ಒಂದೇ ಅಳತೆ ಇದ್ದರೆ ಸಾಮಾನು ಕಡಿಮೆ ಸಾಕು. ಒಂದು ಜೊತೆ ಹೊಸ ಬ್ರೇಕ್ ಪ್ಯಾಡ್ ಇರಲಿ.

ಲೀಡ್ಸ್‌ನಿಂದ, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಭಾವನ ಜೊತೆ ಕೂತು ಇದನ್ನೆಲ್ಲ ಓದಿದೆ. ತೂಕ ಹೊರಲು ಒಪ್ಪಿದರು, ಗಡಿಯಾರ ನನಗೆ ಬಿಟ್ಟರು. ಏರಿನಲ್ಲಿ ಹಿಂದೆ ಬರುವುದಕ್ಕೆ ಮಾತ್ರ ಸ್ವಲ್ಪ ಯೋಚಿಸಿದರು. ಅಕ್ಕ "ಅವಳ ಹಿಂದೆಯೇ ಬನ್ನಿ" ಅಂದ ಮೇಲೆ ಹೂಂ ಅಂದರು. ಇನ್ನೊಂದು ಪ್ರಶ್ನೆ. ಎರಡನೇ ದಿನಕ್ಕೆ ಬೇರೆ ಶೂ ಒಯ್ಯಬೇಕಾ? ಬ್ರೇಕ್ ಪ್ಯಾಡ್ ನಿಜಕ್ಕೂ ಅಷ್ಟು ಬೇಗ ಸವೆಯುತ್ತದಾ?

ಶೆಫೀಲ್ಡ್‌ನಿಂದ, ಮತ್ತೆ

ಎಡಿನ್‌ಬರೊದವರು ಹೇಳಿದ್ದು ಸರಿ, ಇಬ್ಬರಿಗೂ ಮ್ಯಾಪ್ ಇರಲಿ.

ಶೂ ಬೇಡ, ತೂಕ. ಒಣ ಕಾಲುಚೀಲ ಒಂದು ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಿ. ಭಾನುವಾರ ಬೆಳಿಗ್ಗೆ ಅದನ್ನು ಹಾಕಿ, ಮೇಲೆ ಅದೇ ಕವರ್ ಹಾಕಿ, ಆಮೇಲೆ ಒದ್ದೆ ಶೂ. ಮೊದಲ ಒಂದು ಗಂಟೆ ಕಾಲು ಬೆಚ್ಚಗಿರುತ್ತದೆ, ಅಷ್ಟು ಸಾಕು. ಪ್ಯಾಡ್ ವಿಷಯಕ್ಕೆ ಬಂದರೆ, ಹೌದು, ಮರಳು ಬೆರೆತ ಕೆಸರಿನಲ್ಲಿ ಮೆತ್ತನೆಯ ರೆಸಿನ್ ಪ್ಯಾಡ್ ಒಂದೇ ದಿನಕ್ಕೆ ಮುಗಿಯಬಹುದು. ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ ಗಟ್ಟಿ) ಪ್ಯಾಡ್ ಹಾಕಿಸಿ, ನಿಮ್ಮ ಡಿಸ್ಕ್‌ಗೆ ಆಗುತ್ತದಾ ಅಂತ ಅಂಗಡಿಯಲ್ಲಿ ಕೇಳಿ.

ಗಡಿಯಾರ ನಿಮ್ಮದು ಅಂದಿರಲ್ಲ, ಇದನ್ನೂ ಬರೆದುಕೊಳ್ಳಿ. ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಬ್ರಿಟನ್ನಿನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ನಿಮ್ಮ ಕ್ಯಾಂಪಿನ ರಾತ್ರಿಯೇ ಅದು. ಫೋನು ತಾನೇ ಬದಲಾಗುತ್ತದೆ, ಸಾದಾ ಕೈಗಡಿಯಾರ ಬದಲಾಗುವುದಿಲ್ಲ. ಶನಿವಾರ ಸಂಜೆ 6 ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಭಾನುವಾರ ಹೊಸ ಸಮಯದಲ್ಲಿ 5ಕ್ಕೆ ಮುಂಚೆ. ಎರಡು ದಿನವೂ ಹಗಲಲ್ಲೇ ಮುಗಿಯುವ ರೇಸ್ ಅಂತ ಲೈಟ್ ಬಿಟ್ಟು ಹೋಗಬೇಡಿ. ಎರಡನೇ ದಿನದ ಸ್ಟಾರ್ಟ್ ಸಮಯವನ್ನು ಹೊಸ ಲೆಕ್ಕದಲ್ಲಿ ಹೇಳಿದ್ದಾರಾ ಅಂತ ನಡೆಸುವವರನ್ನು ಶನಿವಾರ ಸಂಜೆಯೇ ಕೇಳಿಬಿಡಿ.