ಅಮ್ಮನ ಜೊತೆ ಕೀನ್ಯಾಗೆ ಹೊರಟಿದ್ದೇನೆ, ಹೋಗಿಬಂದವರು ಹೇಳಿ

ಕೇಳಿದವರು, ಮೈಸೂರಿನಿಂದ:
ಆಗಸ್ಟ್‌ನಲ್ಲಿ ಅಮ್ಮನನ್ನು (62 ವರ್ಷ) ಕರೆದುಕೊಂಡು ನೈರೋಬಿ, ಮಸಾಯಿ ಮಾರಾ ಅಭಯಾರಣ್ಯ, ಆಮೇಲೆ ರೈಲಿನಲ್ಲಿ ಮೊಂಬಾಸಾ ನೋಡುವ ಯೋಚನೆ. "ಆಫ್ರಿಕಾಕ್ಕಾ? ಅಲ್ಲಿ ಹಗಲಲ್ಲೇ ದೋಚ್ತಾರಂತೆ" ಎಂದು ನೆಂಟರೆಲ್ಲ ಹೆದರಿಸುತ್ತಿದ್ದಾರೆ. ನಿಜವಾಗಿ ಯಾವುದಕ್ಕೆ ಹೆದರಬೇಕು? ಅಲ್ಲಿನ ಸುದ್ದಿಗೆ ಯಾರನ್ನು ನಂಬಬೇಕು?

ನೈರೋಬಿಯಲ್ಲಿ ನಾಲ್ಕು ವರ್ಷ ಸಂಸಾರ ಮಾಡಿದವಳು:
ಆ ನಾಲ್ಕು ವರ್ಷದಲ್ಲಿ ನಾವು ಕಳೆದುಕೊಂಡಿದ್ದು ಒಂದು ಫೋನು. ಅದೂ ನನ್ನದೇ ಪೆದ್ದುತನ. ಟ್ರಾಫಿಕ್‌ನಲ್ಲಿ ನಿಂತ ಟ್ಯಾಕ್ಸಿಯಲ್ಲಿ ಕಿಟಕಿ ಇಳಿಸಿಕೊಂಡು ಮ್ಯಾಪ್ ನೋಡುತ್ತಿದ್ದೆ. ಒಂದು ಕೈ ಒಳಗೆ ಬಂತು, ಫೋನ್ ಹೋಯಿತು. ಡ್ರೈವರ್ ಆಗಲೇ ಎರಡು ಸಲ ಕಿಟಕಿ ಏರಿಸಿ ಎಂದಿದ್ದ, ನಾನು ಸೆಕೆ ಎಂದಿದ್ದೆ. ಕತ್ತಲಾದ ಮೇಲೆ ನಡೆದು ಹೋಗಬೇಡಿ, ಹತ್ತಿರವಾದರೂ ಉಬರ್ ಅಥವಾ ಬೋಲ್ಟ್ ಹಿಡಿಯಿರಿ. ಬೋಡಾ ಬೋಡಾ ಅಂದರೆ ಬೈಕ್ ಟ್ಯಾಕ್ಸಿ. ಅಮ್ಮನ ಜೊತೆ ಅದರ ಸುದ್ದಿಗೇ ಹೋಗಬೇಡಿ. ಏರ್‌ಪೋರ್ಟಿಗೆ ರಾತ್ರಿ ಇಳಿಯುವ ವಿಮಾನವಾದರೆ ಗಾಡಿ ಮೊದಲೇ ಹೇಳಿಡಿ.

ಜೇಬಿನಲ್ಲಿ ನೋಟಿನ ಕಟ್ಟು ಬೇಡ. ಪಾಸ್‌ಪೋರ್ಟ್ ತೋರಿಸಿ ಸಫಾರಿಕಾಮ್ ಸಿಮ್ ತೆಗೆದುಕೊಂಡು ಎಂ-ಪೆಸಾ, ಅಂದರೆ ಫೋನಿನಲ್ಲೇ ದುಡ್ಡು ಕಳಿಸುವ ಸೌಲಭ್ಯ, ಮಾಡಿಸಿಕೊಳ್ಳಿ. ನಮ್ಮ ಯುಪಿಐ ಬರುವ ಎಷ್ಟೋ ಮೊದಲು, 2007ರಿಂದಲೇ ಅವರು ಹಾಗೆ ದುಡ್ಡು ಕಳಿಸುತ್ತಿದ್ದಾರೆ. ತರಕಾರಿ ಮಾರುವವರೂ ತೆಗೆದುಕೊಳ್ಳುತ್ತಾರೆ.

ಸಮಯದ ವಿಷಯ ಯಾರೂ ಹೇಳಿಕೊಡುವುದಿಲ್ಲ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಾದ ಮೇಲೆ. "ಸಾ ಮೋಜಾ" ಅಂದರೆ ಒಂದನೇ ಗಂಟೆ, ನಮ್ಮ ಲೆಕ್ಕದಲ್ಲಿ ಬೆಳಗ್ಗೆ ಏಳು. ಒಮ್ಮೆ ಡ್ರೈವರ್ "ಸಾ ಮೋಜಾ"ಕ್ಕೆ ಬರುತ್ತೇನೆ ಎಂದಿದ್ದ. ಮೋಜಾ ಎಂದರೆ ಒಂದು ಎಂದು ಕಲಿತಿದ್ದ ನಾನು ಜಂಬದಿಂದ ಮಧ್ಯಾಹ್ನ ಒಂದಕ್ಕೆ ತಯಾರಾಗುತ್ತಿದ್ದೆ. ಡ್ರೈವರ್ ಬೆಳಗ್ಗೆ ಏಳಕ್ಕೇ ಹಾರ್ನ್ ಹೊಡೆದ! ಬಸ್ಸು, ಗಾಡಿ ಏನೇ ಇರಲಿ, ಹೊರಡುವ ಹೊತ್ತನ್ನು ಎರಡು ಸಲ ಕೇಳಿ.

2024ರ ಜೂನ್‌ನಲ್ಲಿ ಅಲ್ಲಿದ್ದವನು, ಹುಬ್ಬಳ್ಳಿ:
ಸುದ್ದಿಯ ಪ್ರಶ್ನೆಗೆ ನನ್ನ ಅನುಭವ. ತೆರಿಗೆ ಮಸೂದೆ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದ ದಿನಗಳವು. ನಾನು ಆಫೀಸ್ ಕೆಲಸಕ್ಕೆ ಹೋಗಿದ್ದೆ. ಮನೆಯಿಂದ ಫೋನ್ ಮೇಲೆ ಫೋನ್, ಟಿವಿಯಲ್ಲಿ ಇಡೀ ದೇಶ ಹೊತ್ತಿ ಉರಿಯುತ್ತಿದೆ ಅಂತ. ಹೋಟೆಲ್ ರಿಸೆಪ್ಷನ್ ಹುಡುಗಿ ಮಾತ್ರ ಸರಿಯಾಗಿ ಹೇಳಿದಳು. "ಮಂಗಳವಾರ, ಗುರುವಾರ ಸಿಟಿ ಸೆಂಟರ್ ಕಡೆ ಹೋಗ್ಬೇಡಿ, ಉಳಿದ ದಿನ ತೊಂದರೆ ಇಲ್ಲ." ಜೂನ್ 25 ಮಂಗಳವಾರ. ಅವತ್ತೇ ಜನ ಪಾರ್ಲಿಮೆಂಟಿಗೆ ನುಗ್ಗಿದ್ದು, ಗೋಲಿಬಾರ್ ಆಗಿದ್ದು. ನಾನು ರೂಮಿನಲ್ಲೇ ಇದ್ದೆ. ಸಂಜೆ ನೆಟ್ ಕುಂಟುತ್ತಿತ್ತು, ವಾಟ್ಸಾಪ್ ನಂಬಿ ಕೂತಿದ್ದರೆ ಅಷ್ಟೇ. ಭಾರತದ ಹೈಕಮಿಷನ್, ಹೋಟೆಲ್, ಡ್ರೈವರ್ ನಂಬರುಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಹೈಕಮಿಷನ್ ಆಗಾಗ ಸೂಚನೆ ಹಾಕುತ್ತದೆ, ಹೊರಡುವ ವಾರ ಒಮ್ಮೆ ನೋಡಿ. ಯಾವ ರಸ್ತೆ ಯಾವತ್ತು ಬೇಡ ಅನ್ನೋದು ಮಾತ್ರ ಅಲ್ಲಿಯವರನ್ನೇ ಕೇಳಬೇಕು.

ಇನ್ನೊಬ್ಬರು, ಉಡುಪಿ:
ಕಳ್ಳರಿಗಿಂತ ನನಗೆ ಸೊಳ್ಳೆ ದುಬಾರಿಯಾಯಿತು. ನೈರೋಬಿ ಎತ್ತರದಲ್ಲಿದೆ, ಅಲ್ಲಿ ಮಲೇರಿಯಾ ಕಡಿಮೆ. ಮೊಂಬಾಸಾ ಕರಾವಳಿ ಹಾಗಲ್ಲ. ಮಲೇರಿಯಾ ಬಾರದಿರಲಿ ಎಂದು ಮಾತ್ರೆ ಶುರು ಮಾಡಿದ್ದೆ, ಊರಿಗೆ ಬಂದ ಮೇಲೆ ಬಿಟ್ಟುಬಿಟ್ಟೆ. ವಾಪಸ್ ಬಂದ ನಂತರವೂ ಕೆಲವು ದಿನ ನುಂಗಬೇಕು ಎಂದು ಡಾಕ್ಟರ್ ಹೇಳಿದ್ದು ತಲೆಯಲ್ಲಿ ಉಳಿಯಲಿಲ್ಲ. ಎರಡು ವಾರಕ್ಕೆ ಜ್ವರ. ಊರಿನ ಕ್ಲಿನಿಕ್‌ನಲ್ಲಿ ವೈರಲ್ ಎಂದರು. ಆಫ್ರಿಕಾಕ್ಕೆ ಹೋಗಿದ್ದೆ ಎಂದು ನಾನೂ ಬಾಯಿಬಿಡಲಿಲ್ಲ. ಮಲೇರಿಯಾ ಎಂದು ಗೊತ್ತಾಗುವಷ್ಟರಲ್ಲಿ ಮೂರು ದಿನ ಸುಮ್ನೆ ಹಾಳಾಯಿತು.

ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲಾದರೂ ಆಗಿರಬೇಕು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿ. ಲಸಿಕೆ ಹಾಕಿಸಿದ ಕಾರ್ಡ್ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ಹಿಡಿದು 6 ದಿನದವರೆಗೆ ಪ್ರತ್ಯೇಕ ಇಡಬಹುದು. 60 ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯ ಸಾಧ್ಯತೆ ಸ್ವಲ್ಪ ಜಾಸ್ತಿ. ಹಾಗಾಗಿ ಟಿಕೆಟ್ ಮಾಡಿಸುವ ಮೊದಲೇ ಅಮ್ಮನನ್ನು ಡಾಕ್ಟರಿಗೆ ತೋರಿಸಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ್ ಹತ್ತಿರ ನಾಳೆಯೇ ಹೋಗುತ್ತೇವೆ. ಅಮ್ಮನದು ಒಂದೇ ಪ್ರಶ್ನೆ, ಚಕ್ಕುಲಿ ಒಯ್ಯಬಹುದಾ ಅಂತ.

ನೈರೋಬಿಯಲ್ಲಿದ್ದವಳು:
ಧಾರಾಳವಾಗಿ! ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಕಟ್ಟಬೇಡಿ. 2017ರಿಂದ ಅಲ್ಲಿ ಕ್ಯಾರಿ ಬ್ಯಾಗ್ ನಿಷೇಧ, ದಂಡ ಜೋರಾಗಿದೆ. ಸ್ಟೀಲ್ ಡಬ್ಬಿಗೆ ಹಾಕಿ.