ಅಪ್‌ಡೇಟ್: 120 ಅಕ್ಷರದ ಮೆಸೇಜ್ ಎರಡಾಗಿದ್ದು ಯಾಕೆ ಅಂತ ಗೊತ್ತಾಯ್ತು

120 ಅಕ್ಷರದ ಇಂಗ್ಲಿಷ್ ಎಸ್‌ಎಂಎಸ್‌ಗೆ ಎರಡು ಮೆಸೇಜ್ ಲೆಕ್ಕ ಯಾಕೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಕಾಪಿ ಮಾಡಿದ ಸಾಲಿನಲ್ಲಿ ಒಂದು ಬಾಗಿದ ಕೋಟ್ ಗುರುತು ಇತ್ತು, ಅಷ್ಟೇ! ಒಂದು ಎಸ್‌ಎಂಎಸ್‌ನಲ್ಲಿ ಇರುವ ಜಾಗವೇ 140 ಬೈಟ್, ಅಂದರೆ 1120 ಬಿಟ್. ಮಾಮೂಲಿ ಜಿಎಸ್‌ಎಂ ಪಟ್ಟಿಯ (ಮೊಬೈಲ್ ಜಾಲದ ಮೂಲ ಅಕ್ಷರಪಟ್ಟಿ) ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಸುತ್ತವೆ. ಆದರೆ ಪಟ್ಟಿಯಲ್ಲಿಲ್ಲದ ಒಂದೇ ಒಂದು ಗುರುತು ನುಸುಳಿದರೂ ಇಡೀ ಮೆಸೇಜ್ ಯುಸಿಎಸ್-2ಗೆ (ಕನ್ನಡದಂಥ ಲಿಪಿಗಳನ್ನೂ ಬರೆಯಬಲ್ಲ ಸಂಕೇತ ಪದ್ಧತಿ) ಹೋಗಿ, ಪ್ರತಿ ಅಕ್ಷರಕ್ಕೂ 16 ಬಿಟ್ ಬೇಕಾಗಿ, ಮಿತಿ 70ಕ್ಕೆ ಇಳಿಯುತ್ತದೆ. ಅದನ್ನೂ ಮೀರಿದರೆ ತುಂಡುಗಳನ್ನು ಜೋಡಿಸುವ ಮಾಹಿತಿಗೇ 6 ಬೈಟ್ ಹೋಗಿ, ತುಂಡಿಗೆ 67 ಮಾತ್ರ. ನೇರ ಕೋಟ್ ಹಾಕಿದೆ, ಒಂದೇ ಮೆಸೇಜ್ ಆಯ್ತು.

ಕನ್ನಡದಲ್ಲಿ ಇನ್ನೂ ಮಜಾ ಇದೆ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ ಅಲ್ವಾ? ಲೆಕ್ಕದಲ್ಲಿ ಆರು: ಸ, ತ, ರ, ನಡುವಿನ ಎರಡು ಹಲಂತ, ಕೊನೆಯ ದೀರ್ಘ 'ಈ' ಸ್ವರಚಿಹ್ನೆ.